ಪೊಲೀಸರ ಕೈಗೆ ಸಿಗದ ಭಾಗ

ನಾಟಕ ಹೇಗೆ ಪ್ರತಿರೋಧವಾಗುತ್ತದೆ ಎಂದು ತಿಳಿಯಬೇಕಾದರೆ ನಾಟಕಗಳಿಗಿಂತ ಮೊದಲು ಒಂದು ಕಾಯ್ದೆಯನ್ನು ಓದಬೇಕು. 1876ರ ಡಿಸೆಂಬರಿನಲ್ಲಿ ಬ್ರಿಟಿಷ್ ಸರ್ಕಾರ ಇಂಡಿಯಾದಲ್ಲಿ ತಂದ ನಾಟಕ ಪ್ರದರ್ಶನ ಕಾಯ್ದೆ ಅದು. ಇರುವುದು ಹನ್ನೆರಡೇ ಕಲಂ. ತನಗೆ ಯಾವುದರ ಭಯ ಎಂಬುದನ್ನು ಅಧಿಕಾರ ಇಷ್ಟು ಸ್ಪಷ್ಟವಾಗಿ ಬರೆದಿಟ್ಟ ಕಾಗದ ರಂಗಭೂಮಿಯ ಚರಿತ್ರೆಯಲ್ಲಿ ಅಪರೂಪ.

ಹಿನ್ನೆಲೆ ಗೊತ್ತಿರುವಂಥದ್ದೇ. ದೀನಬಂಧು ಮಿತ್ರರ ಬಂಗಾಳಿ ನಾಟಕ ‘ನೀಲದರ್ಪಣ’ 1860ರಲ್ಲಿ ಢಾಕಾದಲ್ಲಿ ಅಚ್ಚಾಯಿತು. ಬಂಗಾಳದ ರೈತರಿಗೆ ಮುಂಗಡ ಕೊಟ್ಟು, ಭತ್ತ ಬೆಳೆಯುವ ನೆಲದಲ್ಲಿ ಬಲವಂತವಾಗಿ ನೀಲಿ ಬಣ್ಣ ಕೊಡುವ ಗಿಡ ಬೆಳೆಸಿ, ಸಾಲದ ಲೆಕ್ಕ ಎಂದೂ ತೀರದಂತೆ ನೋಡಿಕೊಳ್ಳುತ್ತಿದ್ದ ಬಿಳಿ ದೊರೆಗಳ ಕಥೆ. ಮರುವರ್ಷ ಅದರ ಇಂಗ್ಲಿಷ್ ಅನುವಾದ ಹೊರತಂದ ಪಾದ್ರಿ ಜೇಮ್ಸ್ ಲಾಂಗ್ ಅವರಿಗೆ ಮಾನಹಾನಿ ಮೊಕದ್ದಮೆಯಲ್ಲಿ ಒಂದು ತಿಂಗಳ ಸೆರೆ, 1000 ರೂಪಾಯಿ ದಂಡ. ದಂಡದ ಹಣ ಕಟ್ಟಿದವರು ಕಾಳೀಪ್ರಸನ್ನ ಸಿಂಹ. ಆಗ ಶಿಕ್ಷೆಯಾದದ್ದು ಪುಸ್ತಕಕ್ಕೆ. 1872ರ ಡಿಸೆಂಬರ್ 7ರಂದು ಕಲ್ಕತ್ತೆಯ ನ್ಯಾಷನಲ್ ಥಿಯೇಟರ್ ಟಿಕೆಟ್ ಇಟ್ಟು ಅದೇ ನಾಟಕವನ್ನು ಆಡಿದಾಗ ಅಪಾಯ ಬೇರೆ ಕಡೆಯಿಂದಲೂ ಬರಬಹುದೆಂದು ಸರ್ಕಾರಕ್ಕೆ ಅರಿವಾಗತೊಡಗಿತು. 1876ರ ಆರಂಭದಲ್ಲಿ, ಪ್ರವಾಸ ಬಂದಿದ್ದ ವೇಲ್ಸ್ ರಾಜಕುಮಾರನನ್ನು ತನ್ನ ಮನೆಯ ಅಂತಃಪುರಕ್ಕೇ ಕರೆದು ಸತ್ಕರಿಸಿದ ವಕೀಲನನ್ನು ಗೇಲಿ ಮಾಡುವ ಪ್ರಹಸನ ಕಲ್ಕತ್ತೆಯಲ್ಲಿ ರಂಗಕ್ಕೆ ಬಂತು. ಫೆಬ್ರವರಿ 29ಕ್ಕೆ ವೈಸರಾಯ್ ನಾರ್ಥ್‌ಬ್ರೂಕ್ ಸುಗ್ರೀವಾಜ್ಞೆ ಹೊರಡಿಸಿದ. ವರ್ಷ ಮುಗಿಯುವುದರೊಳಗೆ ಅದು ಕಾಯ್ದೆಯಾಯಿತು.

ಇನ್ನು ಕಲಂಗಳನ್ನು ನೋಡೋಣ. 3ನೆಯದು, ಮಾನಹಾನಿ ಮಾಡುವ, ಸರ್ಕಾರದ ಮೇಲೆ ಅಪ್ರೀತಿ ಹುಟ್ಟಿಸುವ, ನೋಡುವವರನ್ನು ಕೆಡಿಸುವ ನಾಟಕವನ್ನು ನಿಷೇಧಿಸುವ ಅಧಿಕಾರ ಕೊಡುತ್ತದೆ. ಹಣ ಪಡೆದು ಜನರನ್ನು ಒಳಗೆ ಬಿಡುವ ಯಾವುದೇ ಕಟ್ಟಡ, ಯಾವುದೇ ಆವರಣ ‘ಸಾರ್ವಜನಿಕ ಸ್ಥಳ’ ಎಂದೂ ಅಲ್ಲೇ ವಿವರಿಸಿದೆ. 8ನೆಯದರ ಪ್ರಕಾರ ಪೊಲೀಸರು ಒಳನುಗ್ಗಿ ಅಲ್ಲಿದ್ದವರನ್ನು ಹಿಡಿಯಬಹುದು. ಪರದೆ, ಉಡುಪು, ಸಾಮಾನುಗಳನ್ನು ಜಪ್ತಿ ಮಾಡಬಹುದು. 10ನೆಯ ಕಲಂ ಲೈಸೆನ್ಸಿನದು. ಪ್ರದರ್ಶನಕ್ಕೆ ಕನಿಷ್ಠ ಮೂರು ದಿನ ಮೊದಲು ನಾಟಕದ ಪ್ರತಿಯನ್ನು ಒಪ್ಪಿಸಬೇಕು. ಆದರೆ ಅದು ಬರೆದಿರುವಷ್ಟರ ಮಟ್ಟಿಗೆ ಮಾತ್ರ. ಬರೆದಿರುವಷ್ಟರ ಮಟ್ಟಿಗೆ ಎಂಬ ಈ ಮಾತನ್ನು ನೆನಪಿನಲ್ಲಿಡಿ. ಕೊನೆಯ 12ನೆಯ ಕಲಂ, ಧಾರ್ಮಿಕ ಉತ್ಸವಗಳಲ್ಲಿ ನಡೆಯುವ ಜಾತ್ರಾ ಮತ್ತು ಅಂಥ ಪ್ರದರ್ಶನಗಳಿಗೆ ಈ ಕಾಯ್ದೆ ಅನ್ವಯಿಸದು ಎನ್ನುತ್ತದೆ. ಈ ‘ಜಾತ್ರಾ’ ನಮ್ಮ ಊರಜಾತ್ರೆಯಲ್ಲ, ಬಂಗಾಳದ ಬಯಲು ನಾಟಕ. 1857ರ ನಂತರ ಧರ್ಮದ ವಿಷಯಕ್ಕೆ ಕೈ ಹಾಕಲು ಸರ್ಕಾರ ಅಂಜುತ್ತಿತ್ತು. ಈ ವಿನಾಯಿತಿಯ ಹಿಂದೆ ಆ ಅಂಜಿಕೆಯೇ ಇದೆ ಎಂದು ನನ್ನ ಓದು.

ಅಂದರೆ ಕಾನೂನಿನ ಕೈಗೆ ಸಿಗುತ್ತಿದ್ದುದು ನಾಲ್ಕು: ಕಾಗದ, ಗೋಡೆ, ಟಿಕೆಟ್, ಬಟ್ಟೆ. ಸಿಗದೆ ಉಳಿದದ್ದು ಆ ಹೊತ್ತಿಗೆ ಹುಟ್ಟುವ ಮಾತು, ಹಾಡಿನ ಮಟ್ಟು, ಆಟ ಕಟ್ಟಿಸುವ ಸಂದರ್ಭ, ಮತ್ತು ನೋಡಲು ಕೂತವರಿಗೆ ಮೊದಲೇ ಗೊತ್ತಿರುವ ಸಂಗತಿಗಳು. ಒಂದು ಸಮುದಾಯದ ನೆನಪು ಇರುವುದೂ ಈ ಎರಡನೆಯ ಗುಂಪಿನಲ್ಲೇ. ಇವತ್ತು ‘ರಂಗಪರಂಪರೆ ಉಳಿಸುತ್ತೇವೆ’ ಎಂದು ಹೊರಟವರು ಹೆಚ್ಚಾಗಿ ಏನು ಮಾಡುತ್ತಾರೆ? ಹಸ್ತಪ್ರತಿ ಹುಡುಕುತ್ತಾರೆ, ಕಿರೀಟ ಭುಜಕೀರ್ತಿಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತಾರೆ, ಹಳೆಯ ಪರದೆಗಳ ಫೋಟೊ ತೆಗೆಯುತ್ತಾರೆ. ಪೊಲೀಸರು ಜಪ್ತಿ ಮಾಡುತ್ತಿದ್ದ ಪಟ್ಟಿಯೇ ನಮ್ಮ ಸಂರಕ್ಷಣೆಯ ಪಟ್ಟಿಯೂ ಆಗಿಬಿಟ್ಟಿದೆ. ನನಗೆ ನಿಜಕ್ಕೂ ನೋವಾಗುವುದು ಇಲ್ಲಿ. ಕೈಗೆ ಸಿಗದ ಆ ಭಾಗದ ಬಗ್ಗೆಯೇ ಈ ಮಾತು.

ಯಕ್ಷಗಾನದ ಪ್ರಸಂಗ ಪುಸ್ತಕವೊಂದನ್ನು ತೆರೆದು ನೋಡಿ. ಅಲ್ಲಿರುವುದು ಪದ್ಯಗಳು, ಅವುಗಳ ರಾಗ ತಾಳಗಳ ಹೆಸರು, ಅಷ್ಟೆ. ಭಾಗವತರು ಪದ್ಯ ಹಾಡಿ ಮುಗಿಸಿದ ಮೇಲೆ ವೇಷಧಾರಿ ಹೇಳುವ ಅರ್ಥ ಅಲ್ಲಿ ಬರೆದಿರುವುದಿಲ್ಲ. ಅದು ಆ ರಾತ್ರಿ, ಆ ಎದುರಾಳಿಯ ಮಾತಿಗೆ ಮಾತಾಗಿ, ಆ ಊರಿನವರ ಮುಂದೆ ಹುಟ್ಟಬೇಕು. ಇವತ್ತು ಅರ್ಧ ಗಂಟೆ ಬೆಳೆದ ಸಂವಾದ ನಾಳೆ ಅದೇ ಪದ್ಯಕ್ಕೆ ಐದು ನಿಮಿಷದಲ್ಲಿ ಮುಗಿಯಬಹುದು. ತಾಳಮದ್ದಳೆಯಲ್ಲಂತೂ ವೇಷವೂ ಇಲ್ಲ, ಕುಣಿತವೂ ಇಲ್ಲ. ಇಡೀ ರಾತ್ರಿಯ ಕಥೆ ಮಾತಿನ ಮೇಲೆಯೇ ನಿಲ್ಲುತ್ತದೆ. ಬರೆದಿರುವಷ್ಟರ ಮಟ್ಟಿಗೆ ಪ್ರತಿ ಕೊಡಿ ಎಂದರೆ ಕೊಡಲು ಸಿಗುವುದು ಪುರಾಣದ ಪದ್ಯಗಳೇ. ಮೇಲಾಗಿ ದೇವಸ್ಥಾನದ ಮುಂದಿನ ಹರಕೆಯಾಟಕ್ಕೆ ಟಿಕೆಟ್ಟಿಲ್ಲ, ಗೋಡೆಯಿಲ್ಲ. ಹಾಸ್ಯಗಾರನಿಗಂತೂ ದ್ವಾಪರದಲ್ಲಿ ನಿಂತು ಇವತ್ತಿನ ತೆರಿಗೆಯ ಮಾತಾಡುವ ಹಕ್ಕು ಮೊದಲಿನಿಂದಲೂ ಇದೆ. ಇದರಿಂದ ಯಕ್ಷಗಾನವೆಲ್ಲ ಬ್ರಿಟಿಷ್ ವಿರೋಧಿಯಾಗಿತ್ತು ಎಂದು ಹೇಳಿಬಿಡಬಾರದು. ಅದರೊಳಗೆ ರಾಜಭಕ್ತಿಯೂ ಇತ್ತು, ಜಾತಿಯ ಏಣಿಯೂ ಇತ್ತು. ಮಾತಿಗೆ ಅಲ್ಲೊಂದು ಜಾಗ ತೆರೆದಿತ್ತು, ಅದನ್ನು ಮುಚ್ಚುವ ಉಪಾಯ ಕಾನೂನಿಗೆ ಗೊತ್ತಿರಲಿಲ್ಲ, ಹೇಳಬಹುದಾದದ್ದು ಇಷ್ಟು.

ಟಿಕೆಟ್ ಇಟ್ಟು ಆಡುವ ನಾಟಕದವರು ಬೇರೆ ದಾರಿ ಹುಡುಕಬೇಕಾಯಿತು. ಮರಾಠಿಯಲ್ಲಿ ನಾಟಕಕಾರ ಖಾಡಿಲ್ಕರರ ‘ಕೀಚಕವಧ’ 1907ರಲ್ಲಿ ರಂಗಕ್ಕೆ ಬಂತು. ಕಾಗದದ ಮೇಲೆ ಅದು ಮಹಾಭಾರತದ ವಿರಾಟಪರ್ವ. ಕೂತು ನೋಡಿದವರಿಗೆ ಕೀಚಕ ಎಂದರೆ ವೈಸರಾಯ್ ಆಗಿದ್ದ ಲಾರ್ಡ್ ಕರ್ಜನ್, ದ್ರೌಪದಿ ಎಂದರೆ ದೇಶ, ತಾಳ್ಮೆ ಹೇಳುವ ಧರ್ಮರಾಯ ಎಂದರೆ ಮಂದಗಾಮಿಗಳು, ಭೀಮ ಎಂದರೆ ತೀವ್ರಗಾಮಿಗಳು. ಹೆಸರು ಒಂದೂ ಇಲ್ಲ. ಸರ್ಕಾರ ನಿಷೇಧಿಸಿದ್ದು 1910ರ ಜನವರಿಯಲ್ಲಿ, ಅಷ್ಟು ಹೊತ್ತಿಗೆ ನಾಟಕ ರಂಗಕ್ಕೆ ಬಂದು ಎರಡು ವರ್ಷ ದಾಟಿತ್ತು. ಇದರಲ್ಲಿ ತಾಂತ್ರಿಕವಾಗಿ ಕಲಿಯಬೇಕಾದದ್ದೊಂದಿದೆ. ರೂಪಕ ಕೆಲಸ ಮಾಡಬೇಕಾದರೆ ಕಥೆ ನೋಡುವವರಿಗೆ ಪೂರ್ತಿ ಗೊತ್ತಿರಬೇಕು. ಕೀಚಕ ಸಾಯುತ್ತಾನೆ ಎಂದು ಎಲ್ಲರಿಗೂ ಮೊದಲೇ ಗೊತ್ತು. ಆ ಗೊತ್ತಿರುವಿಕೆಯೇ ಅಲ್ಲಿ ರಾಜಕೀಯ. ಹೊಸ ಕಥೆ ಕಟ್ಟಿ ಅದಕ್ಕೆ ರೂಪಕ ಹೊದಿಸಿದರೆ ಜನ ಕಥೆ ಹಿಡಿಯುವುದರಲ್ಲೇ ದಣಿಯುತ್ತಾರೆ, ಒಳದನಿ ಕೇಳಿಸುವುದಿಲ್ಲ. ಈ ತಪ್ಪು ಈಗಲೂ ಪದೇ ಪದೇ ಆಗುತ್ತದೆ.

ಬಟ್ಟೆಯನ್ನೇ ಗುಟ್ಟಾಗಿಸಿದವರೂ ಇದ್ದಾರೆ. ಅಮೆರಿಕದ ಆಳ್ವಿಕೆಯ ಮೊದಲ ವರ್ಷಗಳಲ್ಲಿ ಫಿಲಿಪೀನ್ಸಿನ ಟಾಗಲಾಗ್ ನಾಟಕಗಳ ಮೇಲೆ 1901ರ ರಾಜದ್ರೋಹ ಕಾಯ್ದೆಯ ಕಣ್ಣಿತ್ತು. ನಟರು ಬೇರೆ ಬೇರೆ ಬಣ್ಣದ ಉಡುಪು ತೊಟ್ಟು ಓಡಾಡುತ್ತಿದ್ದರು. ಒಂದು ಸೂಚನೆಗೆ ಅವರೆಲ್ಲ ಪಕ್ಕಪಕ್ಕ ಬಂದು ನಿಂತರೆ ನೀಲಿ, ಕೆಂಪು, ಬಿಳಿ ಕೂಡಿ ದೇಶದ ಬಾವುಟವಾಗುತ್ತಿತ್ತು. ಚಪ್ಪಾಳೆ ಮುಗಿಯುವುದರೊಳಗೆ ಚದುರಿಬಿಡುತ್ತಿದ್ದರು. ಉಡುಪುಗಳನ್ನು ಒಂದೊಂದಾಗಿ ಜಪ್ತಿ ಮಾಡಿದರೆ ಸಿಗುವುದು ಬರೀ ಬಟ್ಟೆ.

ನಮ್ಮ ಕಡೆಯ ಹಲಗಲಿಗೆ ಬರೋಣ. ಮುಧೋಳ ಸೀಮೆಯ ಹಲಗಲಿಯ ಬೇಡರು 1857ರಲ್ಲಿ ಆಯುಧ ಒಪ್ಪಿಸಬೇಕೆಂಬ ಕಾಯ್ದೆಗೆ ಮಣಿಯದೆ ದಂಗೆ ಎದ್ದರು. ಕುಂಪಣಿಯ ದಂಡು ಬಂದು ಊರನ್ನು ಹಾಳುಗೆಡವಿತು. ಈ ದಂಗೆಯ ಮೇಲೆ ಕಟ್ಟಿದ ಲಾವಣಿ ಊರೂರಲ್ಲಿ ಹಾಡಿಕೆಯಾಗಿತ್ತು. ಅದನ್ನು ಬರೆಸಿಕೊಂಡು ಇಂಗ್ಲಿಷ್ ಅನುವಾದದೊಂದಿಗೆ 1885ರಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚು ಹಾಕಿದವರು ಬ್ರಿಟಿಷ್ ಅಧಿಕಾರಿ ಜೆ. ಎಫ್. ಫ್ಲೀಟ್. ಆ ಋಣವನ್ನು ನಾವು ಒಪ್ಪಿಕೊಳ್ಳಬೇಕು. ಲಾವಣಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಯುದ್ಧದ ವರ್ಣನೆಗಿಂತ ಲೂಟಿಯ ಪಟ್ಟಿ. ದಂಡು ಏನೇನು ಒಯ್ದಿತು ಎಂದು ಅದು ಎಣಿಸುತ್ತದೆ: ಉಪ್ಪು, ಎಣ್ಣೆ, ಜೀರಿಗೆ, ಬೆಲ್ಲದಿಂದ ಹಿಡಿದು ತಾಳಿಯವರೆಗೆ, ಬೀಸುಕಲ್ಲಿನವರೆಗೆ. ಯಾವ ಸರ್ಕಾರಿ ವರದಿ ಜೀರಿಗೆಯನ್ನು ಲೆಕ್ಕಕ್ಕೆ ಹಿಡಿದೀತು? ಇನ್ನೊಂದು ಗುಣವೂ ಇದೆ. ಪಟ್ಟಿಯನ್ನು ಪ್ರಾಸ ಕಟ್ಟಿ ಹಿಡಿದಿರುವುದರಿಂದ ಒಂದು ಸಾಮಾನು ಬಿಟ್ಟರೆ ಸಾಲು ಕುಂಟುತ್ತದೆ, ಹಾಡುವವನಿಗೆ ತಕ್ಷಣ ಗೊತ್ತಾಗುತ್ತದೆ. ಕಾಗದವಿಲ್ಲದ ಕಡೆ ತಪ್ಪು ತಿದ್ದುವ ವ್ಯವಸ್ಥೆ ಹೀಗೇ ಇರುತ್ತದೆ. ಲಾವಣಿ ಹಾಡುವ ಗೀಗೀ ಮೇಳದ್ದೂ ಇದೇ ಬಲ: ಒಬ್ಬರ ಕೈಯಲ್ಲಿ ಡಪ್ಪು, ಒಬ್ಬರ ಕೈಯಲ್ಲಿ ಒಂಟಿ ತಂತಿಯ ತುಂತುಣಿ, ಒಬ್ಬರ ಕೈಯಲ್ಲಿ ತಾಳ. ಪರದೆ ಬೇಡ, ಬಣ್ಣ ಹಚ್ಚುವ ಚೌಕಿ ಬೇಡ. ಪೊಲೀಸರು ಬರುವ ಸುದ್ದಿ ಸಿಕ್ಕರೆ ಎರಡು ನಿಮಿಷದಲ್ಲಿ ರಂಗಸ್ಥಳವೇ ಇಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಇದೆಲ್ಲ ಒಂದೆಡೆ ಕೂಡಿಬಂದದ್ದು ಕೆನ್ಯಾದ ಲಿಮುರು ಬಳಿಯ ಕಮಿರೀಥು ಎಂಬ ಊರಿನಲ್ಲಿ. ಮಾವ್ ಮಾವ್ ಹೋರಾಟವನ್ನು ಹತ್ತಿಕ್ಕಲು ಬ್ರಿಟಿಷರು ಜನರನ್ನು ಒಕ್ಕಲೆಬ್ಬಿಸಿ ಕೂಡಿಹಾಕಿದ ತುರ್ತುಪರಿಸ್ಥಿತಿಯ ಗ್ರಾಮಗಳಲ್ಲಿ ಅದೂ ಒಂದು. 1977ರಲ್ಲಿ ಅಲ್ಲಿನ ಕೂಲಿಗಳು, ಕಾರ್ಖಾನೆ ಕೆಲಸಗಾರರು, ಕೆಲಸವಿಲ್ಲದ ಹುಡುಗರು ಸೇರಿ ಲೇಖಕರಾದ ಗೂಗಿ ವಾ ಥಿಯಾಂಗೊ ಮತ್ತು ಗೂಗಿ ವಾ ಮಿರೀ ಅವರೊಂದಿಗೆ ಗಿಕುಯು ಭಾಷೆಯಲ್ಲಿ ಒಂದು ನಾಟಕ ಕಟ್ಟಿದರು. ಹೆಸರಿನ ಅರ್ಥ ‘ನನಗೆ ಬೇಕೆನಿಸಿದಾಗ ಮದುವೆಯಾಗುತ್ತೇನೆ’. ಅವರು ಕೆಲಸ ಮಾಡಿದ ಕ್ರಮವನ್ನು ನಿಧಾನವಾಗಿ ನೋಡಬೇಕು.

ರಂಗಮಂದಿರವನ್ನು ಊರಿನವರೇ ಕಟ್ಟಿದರು. ಮೊದಲು ನೆಲದ ಮೇಲೆ ಬೆಂಕಿಕಡ್ಡಿ ಜೋಡಿಸಿ ನಕ್ಷೆ ಮಾಡಿದರು, ಆಮೇಲೆ ಸಣ್ಣ ಮಾದರಿ, ಆಮೇಲೆ ಸುಮಾರು 2000 ಜನ ಕೂರುವ ಬಯಲು ರಂಗ. ತಾಲೀಮು ಬಾಗಿಲು ಹಾಕಿಕೊಂಡು ನಡೆಯಲಿಲ್ಲ. ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು, ಮುದುಕನ ಬಾಯಲ್ಲಿ ಈ ಮಾತು ಸಲ್ಲದು, ಹಿರಿಯರು ಹೀಗೆ ಮಾತಾಡುವುದಿಲ್ಲ ಎಂದು ತಿದ್ದುತ್ತಿದ್ದರು. ಹತ್ತಿರದ ಶೂ ಕಾರ್ಖಾನೆಯ ಕೆಲಸಗಾರರು ತಾವು ದಿನಕ್ಕೆ ತಯಾರಿಸುವ ಮಾಲಿನ ಬೆಲೆ ಎಷ್ಟು, ತಮ್ಮ ಕೈಗೆ ಬರುವುದೆಷ್ಟು ಎಂದು ಕೂತು ಲೆಕ್ಕ ಹಾಕಿ, ಕಾರ್ಖಾನೆ ಕಾಣದವರಿಗೆ ವಿವರಿಸಿದರು. ನಾಟಕ ಸಿದ್ಧವಾಗುವ ಹೊತ್ತಿಗೆ ಊರಿನ ಅನೇಕರಿಗೆ ಮಾತುಗಳೆಲ್ಲ ಬಾಯಿಪಾಠ. ನಡುಮನೆಯ ಗೋಡೆಯ ಮೇಲೆ ಒಂದೂವರೆ ಎಕರೆ ನೆಲದ ಹಕ್ಕುಪತ್ರ ತೂಗುಹಾಕಿರುತ್ತದೆ. ಕಥೆಯೆಲ್ಲ ಅದರ ಸುತ್ತ. ಕೊನೆಗೆ ಅದನ್ನು ಕಸಿಯುವವನು ಬಿಳಿಯನಲ್ಲ, ಸ್ವಾತಂತ್ರ್ಯದ ನಂತರ ಮೇಲೆದ್ದ ಊರಿನ ಸಾಹುಕಾರ. ಮೊದಲ ಪ್ರದರ್ಶನ 1977ರ ಅಕ್ಟೋಬರ್ 2, ಮಾವ್ ಮಾವ್ ಹೋರಾಟದ ಇಪ್ಪತ್ತೈದನೆಯ ವರ್ಷದ ನೆನಪಿಗೆ ಆರಿಸಿದ ಭಾನುವಾರ. ರಾತ್ರಿ ಚಳಿ ತಡೆಯಲಾಗದು ಎಂದು ಮಧ್ಯಾಹ್ನ ಆಡಿದರು. ನವೆಂಬರ್ 16ಕ್ಕೆ ಲೈಸೆನ್ಸ್ ರದ್ದಾಯಿತು. ಡಿಸೆಂಬರ್ 31ಕ್ಕೆ ಗೂಗಿ ವಾ ಥಿಯಾಂಗೊ ಅವರನ್ನು ವಿಚಾರಣೆಯಿಲ್ಲದೆ ಬಂಧಿಸಿ, ಸುಮಾರು ಒಂದು ವರ್ಷ ಒಳಗಿಟ್ಟರು. 1982ರ ಮಾರ್ಚಿನಲ್ಲಿ ಪೊಲೀಸರು ಬಂದು ರಂಗಮಂದಿರವನ್ನೇ ನೆಲಸಮ ಮಾಡಿದರು. ಅಷ್ಟು ಹೊತ್ತಿಗೆ ಹಾಡುಗಳು ಊರಿನ ಬಾಯಿಗೆ ಬಂದಾಗಿತ್ತು.

ಈ ಲೈಸೆನ್ಸ್ ಪದ್ಧತಿ ಸ್ವತಂತ್ರ ಸರ್ಕಾರಗಳಿಗೆ ಬಳುವಳಿಯಾಗಿ ಬಂದದ್ದು. ನಮ್ಮಲ್ಲೂ ಹಾಗೇ. 1953ರಲ್ಲಿ ಲಖನೌದಲ್ಲಿ ಇಪ್ಟಾದವರು (ಇಂಡಿಯನ್ ಪೀಪಲ್ಸ್ ಥಿಯೇಟರ್ ಅಸೋಸಿಯೇಷನ್) ಪ್ರೇಮಚಂದರ ‘ಈದ್‌ಗಾಹ್’ ಆಡಿದ್ದಕ್ಕೆ 1876ರ ಕಾಯ್ದೆಯಡಿ ಮೊಕದ್ದಮೆಯಾಯಿತು. 1956ರಲ್ಲಿ ಅಲಹಾಬಾದ್ ಹೈಕೋರ್ಟ್ ಈ ಕಾಯ್ದೆ ಸಂವಿಧಾನಕ್ಕೆ ವಿರುದ್ಧವೆಂದಿತು. ಹಾಗಿದ್ದೂ ಸಂಸತ್ತು ಅದನ್ನು ಕಡತದಿಂದ ತೆಗೆದುಹಾಕಿದ್ದು 2018ರ ಜನವರಿಯಲ್ಲಿ. ನಡುವೆ ರಾಜ್ಯಗಳು ತಮ್ಮ ತಮ್ಮ ಕಾಯ್ದೆ ಮಾಡಿಕೊಂಡವು, ಕರ್ನಾಟಕದ್ದು 1964ರದು.

ಹಾಗಾದರೆ ಇವತ್ತು ಒಂದು ಊರಿನ ನೆನಪನ್ನು ರಂಗಕ್ಕೆ ತರುವವರು ಎಲ್ಲಿಂದ ಹಿಡಿಯಬೇಕು? ಒಂದೇ ಘಟನೆಯನ್ನು ಕನಿಷ್ಠ ಮೂವರಿಂದ ಬೇರೆ ಬೇರೆಯಾಗಿ ಕೇಳಿ. ಮೂವರೂ ಒಂದೇ ಕೇರಿಯವರಾಗಬಾರದು, ಒಬ್ಬರಾದರೂ ಹೆಂಗಸಾಗಿರಬೇಕು. ಅವರ ಹೇಳಿಕೆಗಳು ಕೂಡದಿದ್ದರೆ ರಾಜಿ ಮಾಡಿಸಲು ಹೋಗಬೇಡಿ. ಮೂರನ್ನೂ ರಂಗದ ಮೇಲೆ ಇಡಿ, ದೃಶ್ಯ ಅಲ್ಲೇ ಹುಟ್ಟುತ್ತದೆ. ಕೆಲಸದ ಹಾಡನ್ನು ಕೆಲಸದ ಜೊತೆಗೇ ಕೇಳಬೇಕು. ಕುರ್ಚಿಯಲ್ಲಿ ಕೂರಿಸಿ ಬೀಸುವ ಹಾಡು ಹೇಳಿ ಎಂದರೆ ನಾಲ್ಕು ಸಾಲಿಗೆ ನಿಂತುಹೋಗುತ್ತದೆ. ಕಲ್ಲಿನ ಗೂಟ ಕೈಗೆ ಕೊಟ್ಟರೆ ಉಸಿರಿನ ಲಯ ಉಳಿದ ಸಾಲುಗಳನ್ನು ಎಳೆದು ತರುತ್ತದೆ. ‘ಏನಾಯಿತು’ ಎಂದು ಕೇಳಿದರೆ ಪಠ್ಯಪುಸ್ತಕದ ಉತ್ತರ ಬರುವುದುಂಟು. ‘ಆಗ ಮನೆಯಲ್ಲಿ ಏನೇನಿತ್ತು, ಯಾವುದು ಹೋಯಿತು’ ಎಂದು ಕೇಳಿದರೆ ಹಲಗಲಿಯ ಪಟ್ಟಿಯಂಥದ್ದು ಸಿಗುತ್ತದೆ.

ತಾಲೀಮಿನ ಮೊದಲ ಮೂರು ನಾಲ್ಕು ವಾರ ಬರೆದ ಮಾತು ಬೇಡ. ದೃಶ್ಯದ ಎಲುಬು ಮಾತ್ರ ಗೊತ್ತಿರಲಿ: ಯಾರು ಬರುತ್ತಾರೆ, ಏನು ಬೇಕೆಂದು ಬರುತ್ತಾರೆ, ಏನು ಕಳೆದುಕೊಂಡು ಹೋಗುತ್ತಾರೆ. ವಾರಕ್ಕೆ ಒಂದು ಸಂಜೆಯಾದರೂ ತಾಲೀಮು ಬಯಲಲ್ಲಿ, ಊರವರ ಕಣ್ಣೆದುರು ನಡೆಯಲಿ. ಮೊದಮೊದಲು ಅವರು ಸುಮ್ಮನೆ ನಗುತ್ತಾರೆ, ಮಕ್ಕಳು ಗಲಾಟೆ ಮಾಡುತ್ತಾರೆ. ಎರಡನೆಯ ಮೂರನೆಯ ಸಲಕ್ಕೆ ಯಾರೋ ಒಬ್ಬರು ‘ಹಂಗಲ್ಲ’ ಎನ್ನುತ್ತಾರೆ. ನಿಜವಾದ ಕೆಲಸ ಶುರುವಾಗುವುದು ಆಗ. ತಿದ್ದಿದವರ ಕೈಯಲ್ಲೇ ಆ ಮಾತು ಆಡಿಸಿ ಕೇಳಿ. ಬಯಲಲ್ಲಿ ಮೈಕಿಲ್ಲದೆ ಮಾತು ಸ್ಪಷ್ಟವಾಗಿ ತಲುಪುವುದು ಹದಿನೈದು ಇಪ್ಪತ್ತು ಮೀಟರಿಗೆ. ಮೂರು ಕಡೆ ಆರೇಳು ಸಾಲು ಕೂರಿಸಿದರೆ ಸುಮಾರು ಮುನ್ನೂರು ಜನ. ಅದಕ್ಕಿಂತ ಹೆಚ್ಚಾದರೆ ಮುಖ್ಯ ಸಂಗತಿಯನ್ನು ಹಿಮ್ಮೇಳದ ಹಾಡಿಗೆ ಕೊಡಿ. ಸ್ಟ್ಯಾಂಡಿನ ಮೈಕು ಇಟ್ಟಿರೋ, ನಟರೆಲ್ಲ ಅದರ ಸುತ್ತ ಗೂಟಕ್ಕೆ ಕಟ್ಟಿದಂತೆ ನಿಲ್ಲುತ್ತಾರೆ, ಮೈಯಲ್ಲಿದ್ದ ನೆನಪು ಮೊದಲು ಸಾಯುವುದೇ ಅಲ್ಲಿ.

ಕೆಡುವುದು ಇನ್ನೂ ಕೆಲವು ಕಡೆ. ಬರಹಕ್ಕೆ ಇಳಿಸುವಾಗ ಆಡುಮಾತನ್ನು ‘ಶುದ್ಧ’ ಮಾಡುತ್ತಾರೆ. ‘ಹೋಗ್ಯಾನ’ ಎಂಬುದು ‘ಹೋಗಿದ್ದಾನೆ’ ಆದ ಕೂಡಲೇ ಹಾಡಿನ ಧಾಟಿಗೆ ಅಕ್ಷರ ಹೆಚ್ಚಾಗಿ ತಾಳ ತಪ್ಪುತ್ತದೆ. ಮತ್ತೆ ಮತ್ತೆ ಬರುವ ಸಾಲನ್ನು ವ್ಯರ್ಥವೆಂದು ಕತ್ತರಿಸುತ್ತಾರೆ, ಆ ಸಾಲಿನಲ್ಲೇ ಮುಂದಿನವನು ಉಸಿರು ತೆಗೆದುಕೊಳ್ಳುತ್ತಾನೆ, ಜನ ದನಿಗೂಡಿಸುತ್ತಾರೆ. ಇಡೀ ರಾತ್ರಿಯ ಆಟವನ್ನು ಮೂರು ಗಂಟೆಗೆ ಇಳಿಸುವಾಗ ಪಾತ್ರಗಳು ಮೊದಲು ಕುಣಿದು ಪ್ರವೇಶಿಸುವ ಒಡ್ಡೋಲಗದಂಥ ಭಾಗಗಳು ಹೋಗಿ ಕಥೆ ಮಾತ್ರ ಉಳಿಯುತ್ತದೆ. ಪಂಜಿನ ಬೆಳಕಿಗೆ ಹೊಂದಿಸಿದ ಕೆಂಪು ಹಳದಿ ಮುಖವರ್ಣಿಕೆ ಬಿಳಿ ಎಲ್‌ಇಡಿ ಕೆಳಗೆ ಚಪ್ಪಟೆಯಾಗುತ್ತದೆ. ಹಳದಿ ಛಾಯೆಯ ದೀಪವನ್ನು ಆದಷ್ಟು ಕೆಳಗೆ, ಎರಡು ಮಗ್ಗುಲಿಗೆ ಇಟ್ಟರೆ ಮುಖದ ಗೆರೆಗಳು ಮರಳುತ್ತವೆ. ಎಲ್ಲಕ್ಕಿಂತ ದೊಡ್ಡ ಕೇಡು ಇದು: ಪ್ರತಿರೋಧದ ನಾಟಕ ಎಂದರೆ ಕೆಂಪು ಕೋಟಿನ ದೊರೆಯನ್ನು ಬಯ್ಯುವುದು ಎಂದು ತಿಳಿಯುವುದು. ‘ನೀಲದರ್ಪಣ’ದಲ್ಲಿ ದೊರೆಯ ಜೊತೆಗೆ ಅವನ ಲೆಕ್ಕ ಬರೆಯುವ ನಮ್ಮವರೂ ಇದ್ದಾರೆ. ಅವರನ್ನು ಬಿಟ್ಟು ಆಡಿದರೆ ಉಳಿಯುವುದು ಮೆರವಣಿಗೆಯ ಸ್ತಬ್ಧಚಿತ್ರ.

ದಾಖಲಾತಿಯ ಬಗ್ಗೆ ನಾಲ್ಕು ಮಾತು. ಒಂದು ಕ್ಯಾಮೆರಾ ರಂಗವೂ ಮುಂದಿನ ಎರಡು ಸಾಲು ಜನರೂ ಕಾಣುವಂತೆ ಅಲುಗದೆ ನಿಲ್ಲಲಿ, ಮೊದಲಿನಿಂದ ಕೊನೆತನಕ ನಿಲ್ಲಿಸದೆ ಓಡಲಿ. ಇನ್ನೊಂದು ಕ್ಯಾಮೆರಾ ಹೆಜ್ಜೆಗಳಿಗೆ. ಮುಖದ ಹತ್ತಿರದ ಚಿತ್ರಗಳನ್ನೇ ಪೋಣಿಸಿದ ವಿಡಿಯೊದಿಂದ ಮುಂದೆ ಯಾರೂ ಪ್ರವೇಶವನ್ನಾಗಲಿ ಕುಣಿತವನ್ನಾಗಲಿ ಕಲಿಯಲಾರರು. ಚಂಡೆ, ಡಪ್ಪುಗಳ ಸದ್ದು ಹಾಡನ್ನು ನುಂಗುತ್ತದೆ. ಹಾಡುವವರಿಗೆ ಒಂದು ಮೈಕು, ವಾದ್ಯಕ್ಕೆ ಒಂದು, ಎರಡನ್ನೂ ಬೇರೆ ಟ್ರ್ಯಾಕಿನಲ್ಲಿ, ಕುಗ್ಗಿಸದ ವೇವ್ ಕಡತವಾಗಿ 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ಹಿಡಿಯಿರಿ. ಶುರುವಿನಲ್ಲಿ ಒಂದು ಚಪ್ಪಾಳೆ ಹೊಡೆದರೆ ಚಿತ್ರ ಮತ್ತು ದನಿಯನ್ನು ಆಮೇಲೆ ಹೊಂದಿಸುವುದು ಸುಲಭ. ಅದೇ ಪ್ರಸಂಗವನ್ನು ಕನಿಷ್ಠ ಎರಡು ಊರಲ್ಲಿ ದಾಖಲಿಸಿ. ಎರಡನ್ನೂ ಪಕ್ಕಪಕ್ಕ ಇಟ್ಟಾಗ ಮಾತ್ರ ಯಾವುದು ನಿಂತದ್ದು, ಯಾವುದು ಆ ರಾತ್ರಿ ಹುಟ್ಟಿದ್ದು ಎಂದು ತಿಳಿಯುತ್ತದೆ. ಮೂರು ಪ್ರತಿ ಇರಲಿ, ಅವು ಎರಡು ಬಗೆಯ ಸಾಧನದಲ್ಲಿರಲಿ, ಒಂದು ಬೇರೆ ಊರಿನಲ್ಲಿರಲಿ.

ಆ ಮೂರರ ಲೆಕ್ಕಕ್ಕೆ ಸೇರದ ನಾಲ್ಕನೆಯ ಪ್ರತಿಯೊಂದು ಹಾಡಿದವರದು. ಪೆನ್‌ಡ್ರೈವ್ ಕೊಟ್ಟು ಬಂದರೆ ಅದು ಪೆಟ್ಟಿಗೆ ಸೇರುತ್ತದೆ. ಫೋನಿನಲ್ಲಿ ಕೇಳಲು ಬರುವಂತೆ ಒಂದೊಂದು ಪದ್ಯವನ್ನೂ ಬೇರೆ ಕಡತ ಮಾಡಿ, ಮೊದಲ ಸಾಲನ್ನೇ ಹೆಸರಾಗಿ ಇಟ್ಟು ಕೊಡಿ. ಯಾರಿಗೆ ಕೇಳಿಸಬಹುದು, ಯಾವುದನ್ನು ಹೊರಗೆ ಬಿಡಬಾರದು ಎಂಬುದನ್ನು ಅವರಿಂದಲೇ ಕೇಳಿ ಬರೆದಿಟ್ಟುಕೊಳ್ಳಿ. ಮುಂದಿನ ಸುಗ್ಗಿ ಮುಗಿದ ಮೇಲೆ ಮತ್ತೆ ಹೋಗಿ, ಹುಡುಗರಲ್ಲಿ ಯಾರು ಎಷ್ಟು ಪದ್ಯ ಕಲಿತಿದ್ದಾರೆ ಎಂದು ಎಣಿಸಿ. ಪುಸ್ತಕವನ್ನು ಅವರ ಕೈಗೆ ಆಮೇಲೆ ಕೊಟ್ಟರೆ ಸಾಕು.